‘ಪ್ರೈವೇಟ್ ಕಲೆಕ್ಷನ್’ ಅಂತ ಹಾಕಿ ಟಿಕೆಟ್ ಮುಚ್ಚೋ ಮುಂಚೆ

ಬೆಂಗಳೂರಲ್ಲಿ ಕೂತು ಯುರೋಪಿನ ಪೇಂಟಿಂಗ್‌ಗಳ ಕ್ಯಾಟಲಾಗ್ ಡೇಟಾ ಕ್ಲೀನ್ ಮಾಡೋ ಟೀಮ್ ನಮ್ದು. ಹೋದ ಕ್ವಾರ್ಟರ್‌ನಲ್ಲಿ ಬಂದ ಒಂದು ಟಿಕೆಟ್ (ಸರಿಪಡಿಸೋಕೆ ಬಂದ ಒಂದು ಕೆಲಸ) ಇನ್ನೂ ಮನಸಲ್ಲಿ ಚುಚ್ತಾ ಇದೆ. ಫ್ರೆಂಚ್ ಚಿತ್ರಕಾರ ಎಡ್ವರ್ಡ್ ಮಾನೆ 1880ರಲ್ಲಿ ಬರೆದ ಆಸ್ಪರಾಗಸ್ ಕಟ್ಟಿನ ಚಿತ್ರ, ಈಗ ಜರ್ಮನಿಯ ಕಲೋನ್‌ನಲ್ಲಿ ವಾಲ್ರಾಫ್-ರಿಖಾರ್ಟ್ಸ್ ಮ್ಯೂಸಿಯಂನಲ್ಲಿದೆ. ಪ್ರೊವೆನೆನ್ಸ್ ಫೀಲ್ಡಲ್ಲಿ, ಅಂದ್ರೆ ಚಿತ್ರ ಯಾರ್ಯಾರ ಕೈ ದಾಟಿ ಬಂತು ಅನ್ನೋ ಜಾಗದಲ್ಲಿ, ಬರೀ ಇಷ್ಟು: ಶಾರ್ಲ್ ಎಫ್ರುಸಿ, ಪ್ಯಾರಿಸ್, ಪ್ರೈವೇಟ್ ಕಲೆಕ್ಷನ್, 1968, ಮ್ಯೂಸಿಯಂ.

ಚಿತ್ರ ಮೊದಲು ಕೊಂಡ ಎಫ್ರುಸಿ ಕಥೆ ಎಲ್ರಿಗೂ ಇಷ್ಟ. ಮಾನೆ ಕೇಳಿದ್ದು 800 ಫ್ರಾಂಕ್, ಅವನು ಕಳ್ಸಿದ್ದು 1000, ಅದಕ್ಕೆ ಮಾನೆ ಒಂದೇ ಒಂದು ಆಸ್ಪರಾಗಸ್ ಕಡ್ಡಿ ಬರೆದು ನಿಮ್ಮ ಕಟ್ಟಲ್ಲಿ ಒಂದು ಕಮ್ಮಿ ಇತ್ತು ಅಂತ ಕಳ್ಸಿಕೊಟ್ಟ, ಆ ಪುಟ್ಟ ಚಿತ್ರ ಈಗ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿದೆ. ಇದಕ್ಕೆ ಡಿಸ್ಕ್ರಿಪ್ಷನ್‌ನಲ್ಲಿ ಧಾರಾಳವಾಗಿ ಜಾಗ ಕೊಟ್ಟಿದ್ರು. ಮಧ್ಯದ ಅಷ್ಟೂ ವರ್ಷಕ್ಕೆ ಎರಡೇ ಪದ.

1933ರಿಂದ 1945ರವರೆಗೆ, ಅಂದ್ರೆ ನಾಜಿಗಳು ಯಹೂದಿಗಳ ಆಸ್ತಿ ಲೂಟಿ ಮಾಡ್ತಿದ್ದ ಕಾಲಕ್ಕೆ, ಖಾಲಿ ಅಂತ ಟೂಲ್ ಕೆಂಪು ಫ್ಲಾಗ್ ಹಾಕಿತ್ತು. ಟೀಮ್ ಲೀಡ್ (ಟಿಎಲ್) ಹೇಳಿದ್ರು, "ಮೇಡಂ, ಲೂಟಿ ಶಂಕೆ ಅಂತ ಕ್ಲೈಂಟ್‌ಗೆ ತಳ್ಳಿಬಿಡಿ, ಇಲ್ಲಾಂದ್ರೆ ಇದ್ದ ಹಾಗೇ ಕ್ಲೋಸ್ ಮಾಡಿ, ಟಿಎಟಿ (ಕೆಲಸ ಮುಗಿಸೋಕೆ ಕೊಟ್ಟ ಟೈಮ್) ಮುಗೀತಾ ಇದೆ." ಎರಡೂ ಸುಳ್ಳಾಗ್ತಿತ್ತು. 1907ರಲ್ಲಿ ಈ ಚಿತ್ರ ತಗೊಂಡೋರು ಬರ್ಲಿನ್‌ನ ಯಹೂದಿ ಚಿತ್ರಕಾರ ಮಾಕ್ಸ್ ಲೀಬರ್ಮನ್. ಅವರು ತೀರಿಕೊಂಡಿದ್ದು 1935ರಲ್ಲಿ. ಚಿತ್ರ ಮನೆಯವರ ಕೈಯಲ್ಲೇ ಉಳೀತು, ಮಗಳು ಕೇಟೆ ರೀಟ್ಸ್ಲರ್ ಅಮೆರಿಕಕ್ಕೆ ಹೋಗಿ ಬದುಕಿದ್ರು, ಆಮೇಲೆ ಮೊಮ್ಮಗಳಿಗೆ ಬಂತು. ಆದ್ರೆ ಲೀಬರ್ಮನ್ ಹೆಂಡತಿ ಮಾರ್ಥಾ ಬರ್ಲಿನ್‌ನಲ್ಲೇ ಉಳಿದಿದ್ರು. 1943ರಲ್ಲಿ ನಾಜಿಗಳ ಟೆರೇಸಿಯೆನ್‌ಷ್ಟಾಟ್ ಕ್ಯಾಂಪಿಗೆ ಸಾಗಿಸ್ತಾರೆ ಅಂತ ಗೊತ್ತಾದಾಗ ತಾವೇ ಪ್ರಾಣ ಕಳ್ಕೊಂಡ್ರು, ವಯಸ್ಸು 85. ಇಂಥ ಮನೆತನದ ಹೆಸರು ಗೊತ್ತಿದ್ದೂ ‘ಪ್ರೈವೇಟ್ ಕಲೆಕ್ಷನ್’ ಅಂತ ಟೈಪ್ ಮಾಡೋಕೆ ನನ್ ಕೈ ಬರ್ಲಿಲ್ಲ.

ಒಡೆಯರ ಪೂರ್ತಿ ಪಟ್ಟಿ ಬರೆದು, ಕ್ಲೈಂಟ್ ಜೊತೆ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಒಂದೊಂದೇ ಸಾಲು ಓದ್ದೆ. ಜಗಳ ಆದ್ರೆ ಮಾರ್ಥಾ ಸಾಲಿಗೇ ಆಗತ್ತೆ ಅಂದ್ಕೊಂಡು ಅದಕ್ಕೇ ತಯಾರಾಗಿ ಹೋಗಿದ್ದೆ, ಕ್ಲೈಂಟ್ ಕಡೆಯವರು ಅದನ್ನ ತಕ್ಷಣ ಒಪ್ಪಿದ್ರು. ಸಿಕ್ಕಿಹಾಕಿಕೊಂಡಿದ್ದು 1968ರ ಸಾಲಲ್ಲಿ. ಆ ವರ್ಷ ಪಶ್ಚಿಮ ಜರ್ಮನಿಯ ಮಾಜಿ ಚಾನ್ಸಲರ್ ಅಡೆನೌವರ್ ನೆನಪಿಗೆ ಅಂತ ಮ್ಯೂಸಿಯಂ ಮಿತ್ರಮಂಡಳಿ 13.6 ಲಕ್ಷ ಮಾರ್ಕ್‌ಗೆ ಕೊಂಡುಕೊಂಡಿತ್ತು, ಮುಂದೆ ನಿಂತೋರು ಬ್ಯಾಂಕರ್ ಹೆರ್ಮನ್ ಯೋಸೆಫ್ ಆಬ್ಸ್, ನಾಜಿ ಕಾಲದಲ್ಲೇ ಡಾಯ್ಚ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿದ್ದೋರು. "ಈ ಸಾಲು ಬೇಕಾ?" ಅಂತ ಕ್ಲೈಂಟ್ ಕಡೆಯವರು ಕೇಳಿದ್ರು. ಟಿಎಲ್ ಚಾಟಲ್ಲಿ ‘ಬಿಟ್ಬಿಡಿ, ಬಿಟ್ಬಿಡಿ’ ಅಂತ ಪಿಂಗ್ ಮೇಲೆ ಪಿಂಗ್, ಆ ಕಡೆ ಎಲ್ರೂ ಮ್ಯೂಟ್, ನನಗೆ ಗಂಟಲು ಒಣಗ್ತಾ ಇತ್ತು.

ಆಗ 1974ರ ವಿಷಯ ಎತ್ತಿದೆ. ಕಲಾವಿದ ಹಾನ್ಸ್ ಹಾಕೆ ಇದೇ ಚಿತ್ರದ ಒಡೆಯರ ಪಟ್ಟಿಯನ್ನೇ, ಪ್ರತಿಯೊಬ್ಬರ ಹುದ್ದೆ, ಸ್ಥಾನಮಾನದ ಸಮೇತ ಹತ್ತು ಫಲಕ ಮಾಡಿ ಅದೇ ಮ್ಯೂಸಿಯಂನ ಪ್ರದರ್ಶನಕ್ಕೆ ಕೊಟ್ಟಿದ್ರು. ಆಬ್ಸ್ ಫಲಕದಿಂದಾಗಿ ಮ್ಯೂಸಿಯಂ ಬೇಡ ಅಂತು. ಅದೇ ಪ್ರದರ್ಶನದಲ್ಲಿದ್ದ ಇನ್ನೊಬ್ಬ ಕಲಾವಿದ ಡಾನಿಯೆಲ್ ಬ್ಯುರೆನ್ ಅದರ ಪ್ರತಿಗಳನ್ನ ತಮ್ಮ ಕೃತಿ ಮೇಲೆ ಅಂಟಿಸಿದ್ರು, ಅದನ್ನೂ ಬಿಳಿ ಹಾಳೆ ಹಚ್ಚಿ ಮುಚ್ಚಿದ್ರು. ಆ ಸಾಲು ಇವತ್ತು ನಾವು ತೆಗೆದ್ರೆ ಅವತ್ತು ಅವರು ಮಾಡಿದ್ದನ್ನೇ ನಾವೂ ಮಾಡಿದ ಹಾಗೆ ಅಂತ ನೇರವಾಗಿ ಹೇಳ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ "ಸರಿ, ಇರ್ಲಿ" ಅಂದ್ರು.

ಟೀಮಿಗೆ ಹೊಸದಾಗಿ ಬರೋರಿಗೆ ಈಗ ಎರಡೇ ಮಾತು ಹೇಳ್ತೀನಿ: ಮಧ್ಯ ಖಾಲಿ ಇದ್ರೆ ಕಳ್ಳಮಾಲು ಅಂತ ಬರೀಬೇಡಿ, ಪಟ್ಟಿ ಪೂರ್ತಿ ಸಿಕ್ತು ಅಂತ ಹುಡುಕೋದು ನಿಲ್ಲಿಸಬೇಡಿ. ಮ್ಯಾನೇಜ್‌ಮೆಂಟ್‌ಗೆ ಒಂದೇ ಮಾತು. ಆ ಫೀಲ್ಡಿನ ಕ್ಯಾರೆಕ್ಟರ್ ಲಿಮಿಟ್ ತೆಗೀರಿ, ಮೂರು ಪೀಳಿಗೆಯ ಹೆಸರು ಅದರಲ್ಲಿ ಹಿಡಿಯಲ್ಲ.