ಸುಟ್ಟ ಮಣ್ಣು, ಸುಡದ ಮಣ್ಣು

ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ ಹೆಪ್ಪುಗಟ್ಟಿದ ಲಾವಾ ಅದು. ಆ ಕಡೆಯ ಹೊಲವೊಂದರ ಮಣ್ಣಿನಲ್ಲಿ ಸಾವಯವ ರಂಜಕ, ಅಂದರೆ ಎಲೆ, ಬೇರಿನಂಥ ಜೀವಿಗಳ ಅವಶೇಷದಲ್ಲಿ ಸೇರಿಕೊಂಡಿರುವ ಫಾಸ್ಫರಸ್, ಎಷ್ಟಿದೆಯೆಂದು ಅಳೆಯಲು ಹೋಗಿ, ಒಂದೇ ಮಣ್ಣಿಗೆ ಒಂದಕ್ಕೊಂದು ತಾಳೆಯಾಗದ ಎರಡು ಉತ್ತರಗಳನ್ನು ಪಡೆದೆ.

ಮೊದಲು ಮಾಡಿದ್ದು ಸಾಂಡರ್ಸ್ ಮತ್ತು ವಿಲಿಯಮ್ಸ್ 1955ರಲ್ಲಿ ಪ್ರಕಟಿಸಿದ ಸುಡುವ ವಿಧಾನ. ಮಾದರಿಯ ಒಂದು ಪಾಲನ್ನು ಮೂಸೆಯಲ್ಲಿಟ್ಟು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಸುಟ್ಟು, ಇನ್ನೊಂದನ್ನು ಹಾಗೆಯೇ ಉಳಿಸಿಕೊಂಡು, ಎರಡನ್ನೂ ಸಲ್ಫ್ಯೂರಿಕ್ ಆಮ್ಲದಲ್ಲಿ ಅಲ್ಲಾಡಿಸಿ ಸೋಸಿ, ಮಾಲಿಬ್ಡೇಟ್ ಎಂಬ ರಾಸಾಯನಿಕ ಸೇರಿಸಿ ಬರುವ ನೀಲಿ ಬಣ್ಣವನ್ನು ಅಳೆಯಬೇಕು. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಸುಟ್ಟಾಗ ಸಾವಯವ ರಂಜಕವೂ ಆಮ್ಲಕ್ಕೆ ಸಿಗುವಂತಾಗುವುದರಿಂದ, ಸುಟ್ಟದ್ದರಿಂದ ಸುಡದ್ದನ್ನು ಕಳೆದರೆ ಉಳಿಯುವುದೇ ಸಾವಯವ ರಂಜಕ ಎಂಬುದು ಲೆಕ್ಕ. ಅಂದರೆ ನಾವು ಸಾವಯವ ರಂಜಕವನ್ನು ನೇರವಾಗಿ ಅಳೆಯುವುದೇ ಇಲ್ಲ.

ಕುಲುಮೆಯ ಬಾಗಿಲು ತೆರೆದಾಗ, ಕಂದು ಬಣ್ಣದಲ್ಲಿ ಒಳಹೋಗಿದ್ದ ಮಣ್ಣು ಇಟ್ಟಿಗೆ ಪುಡಿಯಂತೆ ಕೆಂಪಾಗಿತ್ತು. ಅನುಮಾನ ಹುಟ್ಟಬೇಕಾದದ್ದು ಅಲ್ಲಿಯೇ. ಕಾವು ಎಲೆ, ಬೇರುಗಳ ಅವಶೇಷವನ್ನಷ್ಟೇ ಸುಡಲಿಲ್ಲ. ಕಬ್ಬಿಣದ ಖನಿಜವನ್ನೂ ಬದಲಿಸಿತು. ಆ ಖನಿಜ ಬಿಗಿಹಿಡಿದಿದ್ದ ರಂಜಕ ಆಮ್ಲಕ್ಕೆ ಸುಲಭವಾಗಿ ಸಿಕ್ಕಿದರೆ ಅದೂ ಸಾವಯವದ ಖಾತೆಗೇ ಜಮೆಯಾಗುತ್ತದೆ.

ಜಪಾನ್, ಚಿಲಿ, ನ್ಯೂಜಿಲೆಂಡ್‌ಗಳ ಜ್ವಾಲಾಮುಖಿ ಬೂದಿಯ ಮಣ್ಣುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಅಲ್ಲಿನ ಅಲೋಫೇನ್ ಎಂಬ ಖನಿಜ ರಂಜಕವನ್ನು ಬಲವಾಗಿ ಹಿಡಿದುಕೊಳ್ಳುತ್ತದೆ. ಒಂದೇ ಅಣುವಿನಲ್ಲಿ ಆರು ಫಾಸ್ಫೇಟ್‌ಗಳಿರುವ ಫೈಟೇಟ್ ಎಂಬ ಸಾವಯವ ರಂಜಕ ಅದಕ್ಕೆ ಅಂಟಿತೆಂದರೆ ಬಿಡಿಸುವುದು ಕಷ್ಟ. ಲಾವಾ ಎಂದಮಾತ್ರಕ್ಕೆ ನಮ್ಮ ಮಣ್ಣನ್ನೂ ಆ ಸಾಲಿಗೆ ಸೇರಿಸುವುದು ಸರಿಯಲ್ಲ. ಅದು ಎಳೆಯ ಬೂದಿಯ ಮಣ್ಣು, ನಮ್ಮದು ಹಳೆಯ ಬಂಡೆ ಸವೆದು ಆದದ್ದು. ಕಬ್ಬಿಣದ ಕಾಟ ಮಾತ್ರ ಎರಡು ಕಡೆಯೂ ಇದೆ.

ಎರಡನೆಯ ವಿಧಾನದಲ್ಲಿ ಮಣ್ಣನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ 16 ಗಂಟೆ ಅಲ್ಲಾಡಿಸಿದೆ. ಇಳಿದು ಬಂದದ್ದು ಕಾಫಿ ಡಿಕಾಕ್ಷನ್‌ನಂಥ ದ್ರವ. ಆ ಕಂದು ಬಣ್ಣದ ಮೇಲೆ ನೀಲಿಯನ್ನು ಓದಲಾಗದೆ ಹಲವು ಸಲ ತೆಳುಗೊಳಿಸಬೇಕಾಯಿತು. ಇಲ್ಲಿ ಬಂದ ಅಂಕಿ ಮೊದಲಿನದಕ್ಕಿಂತ ಬಹಳ ಕಡಿಮೆ. ಈ ದ್ರಾವಣವು ಮಣ್ಣಿನ ಸಾವಯವ ರಂಜಕವನ್ನೆಲ್ಲ ಹೊರತೆಗೆಯುತ್ತದೆಂಬ ಖಾತರಿ ಇಲ್ಲದಿರುವುದರಿಂದ, ಒಂದು ವಿಧಾನ ಹೆಚ್ಚು ಹೇಳಿದರೆ ಇನ್ನೊಂದು ಕಡಿಮೆ ಹೇಳಿರಬಹುದು.

ಹೊಲದ ಯಜಮಾನರು, "ಹಂಗಾರೆ ಮೆಕ್ಕೆಜೋಳಕ್ಕೆ ಈ ಸರ್ತಿ ಡಿಎಪಿ ಕಮ್ಮಿ ಹಾಕ್ಬೋದೇನಮ್ಮಾ?" ಎಂದು ಕೇಳಿದರು. ಸಾವಯವ ರಂಜಕ ಸೂಕ್ಷ್ಮಜೀವಿಗಳ ಕೈಯಲ್ಲಿ ಕರಗಿದ ಮೇಲಷ್ಟೇ ಬೆಳೆಗೆ ದಕ್ಕುವುದರಿಂದ, ಗೊಬ್ಬರದ ಲೆಕ್ಕಕ್ಕೆ ಮಣ್ಣು ಆರೋಗ್ಯ ಚೀಟಿಯಲ್ಲಿರುವ ಲಭ್ಯ ರಂಜಕವನ್ನೇ ನೋಡಿರೆಂದು ಹೇಳಿದೆ.

ಅನುಮಾನ ತೀರಿಸಿಕೊಳ್ಳಲು ಅದೇ ಹೊಲದಲ್ಲಿ ಮೂರು ಅಡಿ ಆಳದಿಂದ ಮಣ್ಣು ತೆಗೆಸಿ ಸುಟ್ಟು ನೋಡಿದೆ. ಆ ಮಣ್ಣಿನಲ್ಲಿ ಬೇರಿನ ಎಳೆಯೂ ಕಾಣಿಸಲಿಲ್ಲ. ಆದರೂ ಸುಟ್ಟ ಪಾಲಿನ ನೀಲಿ, ಸುಡದ ಪಾಲಿನದಕ್ಕಿಂತ ಸ್ಪಷ್ಟವಾಗಿ ಗಾಢವಾಗಿತ್ತು.