ಹೌದು, ಸೆಟ್‌ನಲ್ಲಿ ಆಲೂಗಡ್ಡೆ ಇರುತ್ತೆ

ಐಸ್‌ಕ್ರೀಮ್ ಜಾಹೀರಾತಿನಲ್ಲಿ ನೀವು ನೋಡೋದು ಐಸ್‌ಕ್ರೀಮನ್ನೇ, ಬೇಯಿಸಿ ಹಿಸುಕಿದ ಆಲೂಗಡ್ಡೆಯನ್ನಲ್ಲ. ಕರಗಬಾರದು ಅಂತ ಆಲೂಗಡ್ಡೆಯನ್ನೇ ಐಸ್‌ಕ್ರೀಮ್ ಮಾಡಿ ತೋರಿಸ್ತಾರೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ನನ್ನ ಮಾತಲ್ಲಿ ನಂಬಿಕೆ ಬಂತಾ? ಬರಲ್ಲ, ಗೊತ್ತು. ಇಷ್ಟು ವರ್ಷ ಬಾಯಲ್ಲಿ ಹೇಳಿ ಒಬ್ಬರನ್ನೂ ಒಪ್ಪಿಸೋಕೆ ಆಗಿಲ್ಲ. ಅದಕ್ಕೇ ಬರೆದಿಡ್ತಿದ್ದೀನಿ.

ಟಿವಿ ಜಾಹೀರಾತಿನ ಶೂಟಿಂಗ್‌ನಲ್ಲಿ ನಂದು ಟೇಬಲ್‌ಟಾಪ್ ಕೆಲಸ. ನಗುವ ಅಮ್ಮ, ಓಡಿ ಬರುವ ಮಗು, ಅವರೆಲ್ಲ ಬೇರೆಯವರ ತಲೆನೋವು. ಮಾರುವ ವಸ್ತುವನ್ನು ತೀರಾ ಹತ್ತಿರದಿಂದ ತೋರಿಸುವ ಶಾಟ್‌ಗಳಿರ್ತವಲ್ಲ, ಸುರಿಯೋದು, ಮುರಿಯೋದು, ಬಾಟಲಿ ಮೇಲೆ ಹನಿ ಜಾರೋದು, ಆ ಮೇಜು ಮಾತ್ರ ನನ್ನ ಪಾಲಿಗೆ. ಇಷ್ಟು ಹೇಳಿ ಮುಗಿಸೋದರೊಳಗೆ ಕೇಳುವವರ ಮುಖದಲ್ಲಿ ಕಳ್ಳನನ್ನು ಹಿಡಿದ ನಗು ಬಂದಿರುತ್ತೆ. "ಅದೆಲ್ಲ ಡೂಪ್ಲಿಕೇಟ್ ಅಂತೆ, ಹೌದಾ?" ಉತ್ತರ ಅವರೇ ಮನೆಯಿಂದ ತಂದಿರ್ತಾರೆ. ನನ್ನಿಂದ ಬೇಕಾಗಿರೋದು ಬರೀ ಸಹಿ.

ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಒರಗಿದ್ದೆ. ಬಾಯಿ ತುಂಬ ಹತ್ತಿ, ಒಂದು ಕಡೆ ಎಂಜಲು ಎಳೆಯುವ ಕೊಳವೆ, ಅರ್ಧ ತುಟಿ ಮರಗಟ್ಟಿತ್ತು. ಡಾಕ್ಟರು ಆಗಲೇ ಕೇಳಬೇಕಾ? "ಅಲ್ಲಾ ಸಾರ್, ಆ ಹಾಲು ಅಂತ ತೋರಿಸ್ತೀರಲ್ಲ, ಅದು ಗೋಂದಂತೆ?" ನಾನು "ಆಂ" ಅಂದೆ. ಆ ಸ್ಥಿತಿಯಲ್ಲಿ ಮನುಷ್ಯ ಹೇಳಬಹುದಾದ ಅಕ್ಷರ ಅದೊಂದೇ. ಅವರು ಪಕ್ಕದಲ್ಲಿದ್ದ ನರ್ಸ್ ಕಡೆ ತಿರುಗಿ, "ನೋಡಮ್ಮಾ, ಇವರೇ ಒಪ್ಕೊಂಡ್ರು" ಅಂದು ಡ್ರಿಲ್ ಕೈಗೆ ತಗೊಂಡ್ರು. ಆ ದಿನದಿಂದ ಆ ಕ್ಲಿನಿಕ್ಕಿನಲ್ಲಿ ನಾನು ಗೋಂದಿನವನು.

ಅವರು ಕೇಳಿದ್ದು ಪೂರ್ತಿ ತಪ್ಪೂ ಅಲ್ಲ, ಅದೇ ಹೆಚ್ಚು ಉರಿಸೋದು. ಹಾಲಿನಲ್ಲಿ ನೆನೆಸಿ ತಿನ್ನುವ ಸೀರಿಯಲ್ ಮಾರ್ತಿದ್ದೀವಿ ಅಂದ್ಕೊಳ್ಳಿ. ನಿಜವಾದ ಹಾಲು ಹಾಕಿದರೆ ಲೈಟ್ ಸರಿಮಾಡುವಷ್ಟರಲ್ಲಿ ಎಲ್ಲ ಮೆತ್ತಗಾಗಿ ಮುಳುಗುತ್ತೆ. ಬಿಳಿ ಗೋಂದು ಹಾಕಿದರೆ ಇಟ್ಟಲ್ಲೇ ಕೂತಿರುತ್ತೆ. ಹಾಗಾಗಿ ಗೋಂದು ಬಳಸಿದ್ದು ಉಂಟು. ಆದರೆ ಅದೇ ಬಟ್ಟಲಿನಲ್ಲಿ ಹಾಲು ಮಾರುವ ಕಂಪನಿಯ ಜಾಹೀರಾತು ತೆಗೀತಿದ್ದರೆ ಗೋಂದಿನ ಡಬ್ಬಿ ಮೇಜಿನ ಹತ್ತಿರವೂ ಸುಳಿಯುವ ಹಾಗಿಲ್ಲ. ಮಾರುವ ವಸ್ತು ಅಸಲಿ ಇರಬೇಕು. ಅದರ ಸುತ್ತ ಇರೋದಕ್ಕೆ ವಿನಾಯಿತಿ. ತಂಪು ಪಾನೀಯದ ಲೋಟದಲ್ಲಿ ಪಾನೀಯ ಅಸಲಿ, ಐಸ್ ತುಂಡುಗಳು ಅಕ್ರಿಲಿಕ್. ಬಾಟಲಿ ಮೇಲಿನ ಇಬ್ಬನಿ ಗ್ಲಿಸರಿನ್ ಬೆರೆಸಿದ ನೀರು, ಯಾಕಂದ್ರೆ ಬರೀ ನೀರಿನ ಹನಿ ಡೈರೆಕ್ಟರ್ "ಒನ್ ಮೋರ್" ಅನ್ನೋದನ್ನ ಕಾಯಲ್ಲ, ಜಾರಿ ಹೋಗುತ್ತೆ.

ಆಲೂಗಡ್ಡೆ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ, ತಮಾಷೆ ಅಲ್ಲ. ಕೋಲ್ಗೇಟ್-ಪಾಮೋಲಿವ್ ಕಂಪನಿಯ ರ‍್ಯಾಪಿಡ್ ಶೇವ್ ಅನ್ನೋ ಶೇವಿಂಗ್ ಕ್ರೀಮ್ ಜಾಹೀರಾತಿನಲ್ಲಿ ಉಪ್ಪುಕಾಗದಕ್ಕೆ ಕ್ರೀಮ್ ಹಚ್ಚಿ, ಒಂದೇ ಎಳೆತಕ್ಕೆ ಮರಳೆಲ್ಲ ಕಿತ್ತು ತೋರಿಸಿದ್ದರು. ಅದು ಉಪ್ಪುಕಾಗದ ಆಗಿರಲಿಲ್ಲ, ಮರಳು ಉದುರಿಸಿದ ಪ್ಲೆಕ್ಸಿಗ್ಲಾಸ್, ಅಂದ್ರೆ ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ ಹಾಳೆ. ನಿಜವಾದ ಉಪ್ಪುಕಾಗದ ಟಿವಿಯಲ್ಲಿ ಬರೀ ಬಣ್ಣದ ಕಾಗದದ ಹಾಗೆ ಕಾಣುತ್ತೆ ಅನ್ನೋದು ಕಂಪನಿಯ ವಾದ. ನಮ್ಮ ಕಸುಬಿನವರಿಗೆ ಆ ಕಷ್ಟ ಅರ್ಥವಾಗುತ್ತೆ. ಆದರೆ ನಿಜವಾದ ಕಾಗದವನ್ನು ಹಾಗೆ ಬೋಳಿಸಬೇಕಾದರೆ ಸುಮಾರು 80 ನಿಮಿಷ ನೆನೆಹಾಕಬೇಕಿತ್ತು. 1965ರಲ್ಲಿ ಕೋರ್ಟು ಕಂಪನಿಯ ವಿರುದ್ಧ ತೀರ್ಪು ಕೊಡ್ತಾ ಐಸ್‌ಕ್ರೀಮ್ ಬದಲಿಗೆ ಆಲೂಗಡ್ಡೆ ಇಡೋದನ್ನೂ ಪ್ರಸ್ತಾಪಿಸಿತು: ಅಲ್ಲಿ ಆಲೂಗಡ್ಡೆ ಯಾವುದಕ್ಕೂ ಪುರಾವೆಯಾಗಿ ನಿಂತಿಲ್ಲ, ಇಲ್ಲಿ ಪ್ಲೆಕ್ಸಿಗ್ಲಾಸ್ ಮೇಲಿನ ಮರಳು ನಿಂತಿದೆ. "ನೋಡಿ, ನೀವೇ ಕಣ್ಣಾರೆ ನೋಡಿ" ಅಂತ ಪರೀಕ್ಷೆ ಮಾಡಿ ತೋರಿಸುವಾಗ ವಸ್ತು ಬದಲಾಯಿಸಿದರೆ ಅದು ಮೋಸ.

ನನಗೆ ಇದಕ್ಕಿಂತ ಇನ್ನೊಂದು ಪ್ರಕರಣ ಹೆಚ್ಚು ಕಾಡುತ್ತೆ. ಕ್ಯಾಂಪ್‌ಬೆಲ್ ಸೂಪ್‌ನವರ ಬಟ್ಟಲಿನಲ್ಲಿ ಇದ್ದದ್ದು ಅವರದೇ ಸೂಪು, ಒಂದು ಹನಿಯೂ ನಕಲಿಯಲ್ಲ. ಆದರೆ ಬಟ್ಟಲು ಅಲುಗಾಡದೆ ಇದ್ದರೆ ತರಕಾರಿ ತುಂಡುಗಳು ತಳ ಸೇರ್ತವೆ. ಅದಕ್ಕೆ ಅಡಿಯಲ್ಲಿ ಗಾಜಿನ ಗೋಲಿ ಹಾಕಿದರು. ತರಕಾರಿ ಮೇಲೆ ಬಂತು, ಸೂಪು ಮಂದವಾಗಿ ಕಂಡಿತು. 1970ರಲ್ಲಿ, ವ್ಯಾಪಾರದಲ್ಲಿ ಮೋಸ ತಡೆಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ಆದೇಶಕ್ಕೆ ಕಂಪನಿ ತಲೆಬಾಗಬೇಕಾಯ್ತು.

"ಇದು ಅಸಲಿನಾ?" ಅಂತ ನನ್ನನ್ನು ಕೇಳೋರು ಆ ಬಟ್ಟಲು ನೋಡಿದ್ದರೆ ನಾನು ಧೈರ್ಯವಾಗಿ "ಅಸಲಿ" ಅನ್ನಬಹುದಿತ್ತು, ಅವರು ಸಮಾಧಾನವಾಗಿ ಮನೆಗೆ ಹೋಗ್ತಿದ್ದರು. ಅದಕ್ಕೇ ಹೇಳೋದು, ನೀವು ತಪ್ಪು ಪ್ರಶ್ನೆ ಕೇಳ್ತಿದ್ದೀರಿ. ಕೇಳಬೇಕಾದದ್ದು ಇದು: ಎಷ್ಟರಲ್ಲಿ ಒಂದನ್ನು ಆರಿಸಿದ್ರಿ?

ಬಿಸ್ಕತ್ತಿನ ಜಾಹೀರಾತು ಅಂದ್ರೆ ಪೆಟ್ಟಿಗೆಗಟ್ಟಲೆ ಬಿಸ್ಕತ್ತು ಬರುತ್ತೆ. ಕೈಗವಸು ಹಾಕ್ಕೊಂಡು, ಬಿಳಿ ಲೈಟ್ ಕೆಳಗೆ ಒಂದೊಂದೇ ತಿರುಗಿಸಿ ನೋಡೋದು. ಅಂಚು ಮುಕ್ಕಾಗಿರಬಾರದು, ಅಚ್ಚು ಸ್ಪಷ್ಟವಾಗಿರಬೇಕು, ಬಣ್ಣ ಒಂದೇ ಸಮ ಇರಬೇಕು. ಪೊಟ್ಟಣಕ್ಕೆ ಪೊಟ್ಟಣ ಪಕ್ಕಕ್ಕೆ ಹೋಗಿ ಕೊನೆಗೆ ಬೆರಳೆಣಿಕೆಯಷ್ಟು ಉಳೀತವೆ. ಸೆಟ್‌ನಲ್ಲಿ ಹೀರೋ ಅಂದ್ರೆ ಅದು, ನಟ ಅಲ್ಲ. ಒಂದು ಶೂಟಿಂಗ್‌ನಲ್ಲಿ ಕಂಪನಿ ಕಡೆಯವರು ಮಾನಿಟರ್ ಬಿಟ್ಟು ಎದ್ದು ಬಂದು, ನಾನು ಜೋಡಿಸಿಟ್ಟ ತಟ್ಟೆಯನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, "ಇದು ನಮ್ಮದೇನಾ?" ಅಂದ್ರು. ಅವರದೇ. ಅವರ ಕಾರ್ಖಾನೆಯದ್ದೇ. ಅಷ್ಟು ಚೆಂದದ್ದನ್ನು ಅವರೂ ಯಾವತ್ತೂ ನೋಡಿರಲಿಲ್ಲ, ಅಷ್ಟೆ.

ಇದು ಸುಳ್ಳಾ? ನೀವು ಪ್ರೊಫೈಲಿಗೆ ಫೋಟೋ ಹಾಕೋಕೆ ಮುಂಚೆ ಎಷ್ಟು ಸೆಲ್ಫಿ ಅಳಿಸಿದ್ರಿ ಹೇಳಿ, ಆಮೇಲೆ ನಾನು ಉತ್ತರ ಕೊಡ್ತೀನಿ.

ಅಸಲಿ ಇಡಬೇಕು ಅನ್ನೋ ನಿಯಮ ಕೆಲಸವನ್ನು ಎಷ್ಟು ಕಷ್ಟ ಮಾಡುತ್ತೆ ಅಂತ ಕೇಳಿದರೂ ನನಗೆ ಖುಷಿಯೇ. ಸುರಿಯುವ ಶಾಟ್ ನಿಧಾನವಾಗಿ ಕಾಣಬೇಕಾದರೆ ಸೆಕೆಂಡಿಗೆ 1000 ಫ್ರೇಮ್ ತೆಗೀತಾರೆ. ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಓಡಿಸಿದರೆ ಆ ಒಂದು ಸೆಕೆಂಡು 40 ಸೆಕೆಂಡಾಗುತ್ತೆ. ಆದರೆ ಪ್ರತಿ ಫ್ರೇಮಿಗೂ ಬೆಳಕು ಬೀಳೋ ಸಮಯ ಅಷ್ಟೇ ಕಮ್ಮಿ, ಹಾಗಾಗಿ ಬೆಳಕು 40 ಪಟ್ಟು ಬೇಕು. ಅಷ್ಟು ಲೈಟಿನ ಕೆಳಗೆ ಐಸ್‌ಕ್ರೀಮ್ ಇಡಿ ನೋಡೋಣ. ಡ್ರೈ ಐಸ್, ಅಂದ್ರೆ ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್ ಜೊತೆ ಇಟ್ಟು ಗಟ್ಟಿ ಮಾಡ್ತೀವಿ, ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತೆ. ಹೊರಗೆ ತೆಗೆದ ಕೂಡಲೇ ಗಾಳಿಯ ತೇವ ಅಂಟಿ ಮೇಲೆಲ್ಲ ಬೂದಿ ಬಳಿದ ಹಾಗೆ ಹಿಮ ಕೂರುತ್ತೆ. ಆ ಹಿಮ ಹೋಗುವವರೆಗೂ ಕಾಯಬೇಕು. ಇನ್ನೂ ಸ್ವಲ್ಪ ಕಾದರೆ ಸ್ಕೂಪಿನ ಬುಡದಲ್ಲಿ ಬರುವ ನೆರಿಗೆ ಕುಸಿದು ಕೆಸರಾಗುತ್ತೆ. ಈ ಎರಡರ ನಡುವಿನ ಚೂರು ಹೊತ್ತಿನಲ್ಲಿ "ರೋಲಿಂಗ್" ಅನ್ನೋದು ಕೇಳಿಸಬೇಕು. ಆಗ ಯಾರಾದರೂ "ಲೋಗೋ ಸ್ವಲ್ಪ ಎಡಕ್ಕೆ ತಿರುಗಿದೆಯಾ?" ಅಂದ್ರೆ ಆ ಸ್ಕೂಪು ಮುಗೀತು, ಇನ್ನೊಂದು ತೆಗೀಬೇಕು. ಅನ್ನೋರು ಒಬ್ಬರು ಇದ್ದೇ ಇರ್ತಾರೆ.

ಹಾಗಾದರೆ ಲೈಟು, ಫೋಕಸ್ಸು, ಕ್ಯಾಮೆರಾದ ಚಲನೆ ಎಲ್ಲ ಸರಿಮಾಡ್ಕೊಳ್ಳೋದು ಯಾವಾಗ? ಅದಕ್ಕೂ ಮುಂಚೆ. ಅಷ್ಟೂ ಹೊತ್ತು ಹೀರೋ ಜಾಗದಲ್ಲಿ ಕರಗದ ಬದಲಿ ಕೂತಿರುತ್ತೆ. ವನಸ್ಪತಿ ತುಪ್ಪ, ಪುಡಿ ಸಕ್ಕರೆ, ಕಾರ್ನ್ ಸಿರಪ್ ಕಲಸಿ ಮಾಡಿದ್ದು, ಅಥವಾ ಹೌದು, ಆಲೂಗಡ್ಡೆ. ಶಾಟ್‌ಗೆ ಮುಂಚೆ ಅದನ್ನು ಎತ್ತಿಬಿಡ್ತೀವಿ. ಯಾರೋ ಮೊಬೈಲಲ್ಲಿ ತೆಗೆದ ಸೆಟ್‌ನ ಫೋಟೋ ತೋರಿಸಿ "ಸಿಕ್ಕಿಬಿದ್ರಿ" ಅನ್ನೋರಿಗೆ ಇದೇ ನನ್ನ ಉತ್ತರ. ನೀವು ನೋಡಿದ್ದು ರಿಹರ್ಸಲ್.

ಇನ್ನು, ಪ್ಯಾಕಪ್ ಆದ ಮೇಲೆ ಅದನ್ನೆಲ್ಲ ಯಾರು ತಿಂತಾರೆ ಅಂತಲೂ ಕೇಳ್ತಾರೆ. ಹೀರೋನ ಯಾರೂ ತಿನ್ನಲ್ಲ, ಅದಕ್ಕೆ ಚಿಮಟ, ಬ್ರಷ್ಷು, ನನ್ನ ಬೆರಳು ಎಲ್ಲ ತಾಗಿರುತ್ತೆ. ಕಣ್ಣುಮುಚ್ಚಿ ಕಚ್ಚಿ ಆನಂದಪಡುವ ನಟನೂ ನುಂಗಲ್ಲ. "ಕಟ್" ಅಂದ ಕೂಡಲೇ ಉಗುಳೋಕೆ ಕ್ಯಾಮೆರಾಗೆ ಕಾಣದ ಹಾಗೆ ಬಕೆಟ್ ಇಟ್ಟಿರ್ತೀವಿ, ಟೇಕ್ ಮೇಲೆ ಟೇಕ್ ತಿಂದರೆ ಹೊಟ್ಟೆ ತಡೆಯಲ್ಲ. ಆಯ್ಕೆಯಾಗದೆ ಉಳಿದದ್ದು ಲೈಟಿನವರ ಚೀಲ ಸೇರುತ್ತೆ, ರುಚಿ ಚೆನ್ನಾಗೇ ಇರುತ್ತಂತೆ. ಮನೆಯಲ್ಲಿ ನನ್ನ ಮುಂದೆ ಬಿಸ್ಕತ್ತಿನ ತಟ್ಟೆ ಇಡೋದನ್ನ ನಿಲ್ಲಿಸಿದ್ದಾರೆ. ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಇಡ್ತೀನಂತೆ.