ಕಮಟು ಹೋಗಿ ಹಣ್ಣಿನ ಘಮ ಬರಬೇಕಾದರೆ

ಬ್ಯುಟಿರಿಕ್ ಆಸಿಡ್ ಬಾಟಲಿ ತೆರೆದರೆ ಸಾಕು, ಹಳೇ ಬೆಣ್ಣೆಯ ಕಮಟು ವಾಸನೆ ಲ್ಯಾಬೆಲ್ಲ ತುಂಬುತ್ತದೆ. ಸಂಜೆ ಮನೆಗೆ ಬಂದರೂ ಅಂಗಿ ಬಿಟ್ಟು ಹೋಗುವುದಿಲ್ಲ. ಅದಕ್ಕೆ ಐಸೋಅಮೈಲ್ ಆಲ್ಕೋಹಾಲ್ ಸೇರಿಸಿ, ಹೆಕ್ಸೇನ್ ಎಂಬ ದ್ರಾವಕದಲ್ಲಿ ಲಿಪೇಸ್ ಎಂಜೈಮ್ ಜೊತೆ ಅಲ್ಲಾಡಿಸಿದರೆ ಆಸಿಡ್, ಆಲ್ಕೋಹಾಲ್ ಎರಡೂ ಕೂಡಿ ಮಾಗಿದ ಹಣ್ಣಿನ ಘಮದ ಎಸ್ಟರ್ ಆಗುತ್ತದೆ. ಜೊತೆಗೆ ನೀರೂ ಹುಟ್ಟುತ್ತದೆ. ಕಷ್ಟವೆಲ್ಲ ಆ ನೀರಿನದೇ.

ಮಾರ್ಚ್‌ನಲ್ಲಿ ಚೆನ್ನಾಗಿ ನಡೆದ ರಿಯಾಕ್ಷನ್ ಜುಲೈನಲ್ಲಿ ಅರ್ಧಕ್ಕೇ ನಿಂತಿತು. ಎಂಜೈಮ್ ಡಬ್ಬಿ ಪದೇ ಪದೇ ತೆರೆದು ಮಳೆಗಾಲದ ತೇವವನ್ನೆಲ್ಲ ಅದಕ್ಕೆ ಕುಡಿಸಿದ್ದೆವು. ಎಂಜೈಮ್ ಕೂರಿಸಿದ ಕಾಳುಗಳು ಒಂದಕ್ಕೊಂದು ಅಂಟಿ ಫ್ಲಾಸ್ಕಿನ ಗೋಡೆಗೆ ಮೆತ್ತಿಕೊಂಡಿದ್ದವು. ನೀರು ಜಾಸ್ತಿಯಾದರೆ ಆದ ಎಸ್ಟರ್ ಕೂಡ ವಾಪಸ್ ಒಡೆಯುತ್ತದೆ. ಸರಿ ಅಂತ ಮುಂದಿನ ಸಲ ಮೊದಲೇ ಒಂದು ಹಿಡಿ ಮಾಲಿಕ್ಯುಲರ್ ಸೀವ್, ಅಂದರೆ ನೀರು ಹೀರುವ ಸಣ್ಣ ಗುಂಡುಗಳನ್ನು, ಹಾಕಿದೆ. ಅದು ಎಂಜೈಮಿನ ಮೈಗಂಟಿದ ನೀರನ್ನೂ ಎಳೆದುಕೊಂಡಿತು. ರಿಯಾಕ್ಷನ್ ತೆವಳತೊಡಗಿತು.

ಎಂಜೈಮ್ ಅಂದರೆ ಪ್ರೋಟೀನ್. ಆ ತೆಳು ನೀರಿನ ಪದರ ಇಲ್ಲದಿದ್ದರೆ ಅದು ಬಿಗಿದುಕೊಂಡು ಬಿಡುತ್ತದೆ. ಆ ಬಿಗಿತದಿಂದ ಲಾಭವೂ ಉಂಟು, ಬಿಸಿಗೆ ಬೇಗ ಕೆಡುವುದಿಲ್ಲ. 1984ರಲ್ಲಿ ಅಮೆರಿಕದ ಎಂಐಟಿಯ ಜ್ಯಾಕ್ಸ್ ಮತ್ತು ಕ್ಲಿಬನೋವ್ ಹಂದಿಯ ಲಿಪೇಸನ್ನು ನೀರು ಇಲ್ಲವೆನ್ನುವಷ್ಟು ಕಡಿಮೆ ಇರುವ ದ್ರಾವಣದಲ್ಲಿ 100 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕೆಲಸ ಮಾಡಿಸಿದ್ದರು!

ಕಾರ್ಲ್ ಫಿಷರ್ ಯಂತ್ರ ನೀರು ಎಷ್ಟಿದೆ ಅಂತ ಹೇಳುತ್ತದೆ. ನಾನು ಅದೊಂದನ್ನೇ ನಂಬಿ ಕೂತಿದ್ದೆ. ಆದರೆ ಒಂದು ಲೀಟರ್ ಹೆಕ್ಸೇನ್‌ನಲ್ಲಿ 100 ಮಿಲಿಗ್ರಾಂ ನೀರೂ ಕರಗುವುದಿಲ್ಲ, ಅಸಿಟೋನ್‌ನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತದೆ. ಎರಡಕ್ಕೂ ಅಷ್ಟಷ್ಟೇ ನೀರು ಹಾಕಿ ನೋಡಿ. ಹೆಕ್ಸೇನ್ ಅದನ್ನು ಎಂಜೈಮಿನ ಕಡೆ ತಳ್ಳುತ್ತದೆ, ಅಸಿಟೋನ್ ತಾನೇ ಇಟ್ಟುಕೊಳ್ಳುತ್ತದೆ. ಹಾಗಾಗಿ ನೋಡಬೇಕಾದ್ದು ವಾಟರ್ ಆಕ್ಟಿವಿಟಿ, ಅಂದರೆ ಆ ನೀರಿನಲ್ಲಿ ಎಂಜೈಮಿನ ಕೈಗೆ ಎಷ್ಟು ಸಿಗುತ್ತದೆ ಅನ್ನುವುದು.

ಮಳೆಗಾಲದಲ್ಲಿ ಅಡುಗೆಮನೆಯ ಕಲ್ಲುಪ್ಪು ನೀರು ಬಿಡುತ್ತದಲ್ಲ, ಅದರಲ್ಲಿ ಸೇರಿಕೊಂಡಿರುವ ಮೆಗ್ನೀಷಿಯಂ ಕ್ಲೋರೈಡ್ ಅದಕ್ಕೆ ಮುಖ್ಯ ಕಾರಣ. ನನಗೆ ದಾರಿ ತೋರಿದ್ದೂ ಅದೇ ಮೆಗ್ನೀಷಿಯಂ ಕ್ಲೋರೈಡ್ ಉಪ್ಪು. ತಳದಲ್ಲಿ ಕರಗದ ಉಪ್ಪು ಉಳಿಯುವಷ್ಟು ಗಟ್ಟಿ ದ್ರಾವಣ ಮಾಡಿ ಡೆಸಿಕೇಟರ್ ಎಂಬ ಬಿಗಿ ಮುಚ್ಚಳದ ಗಾಜಿನ ಪಾತ್ರೆಯಲ್ಲಿ ಮುಚ್ಚಿ ಇಟ್ಟರೆ, 25 ಡಿಗ್ರಿಯಲ್ಲಿ ಒಳಗಿನ ವಾಟರ್ ಆಕ್ಟಿವಿಟಿ 0.33ಕ್ಕೆ ನಿಲ್ಲುತ್ತದೆ. ಹೊರಗೆ ಮಳೆ ಬರಲಿ, ಬಿಸಿಲಿರಲಿ, ಅದು ಕದಲುವುದಿಲ್ಲ. ಅದರೊಳಗೆ ಎಂಜೈಮನ್ನೂ ಹೆಕ್ಸೇನ್ ಮಿಶ್ರಣವನ್ನೂ ಬೇರೆ ಬೇರೆಯಾಗಿ ಮೂರು ದಿನ ಇಟ್ಟೆ. ಆಮೇಲೆ ಬೆರೆಸಿದೆ. ಸೀವ್ ಹಾಕಿದ್ದು ರಿಯಾಕ್ಷನ್ ಓಡತೊಡಗಿದ ಮೇಲೆ, ಹೊಸದಾಗಿ ಹುಟ್ಟುವ ನೀರಿಗಾಗುವಷ್ಟು ಮಾತ್ರ.

ಮರುದಿನ ಬೆಳಿಗ್ಗೆ ಹೊರಗೆ ಜಿಟಿಜಿಟಿ ಮಳೆ. ಕಾಳುಗಳು ಬಿಡಿಬಿಡಿಯಾಗಿ ತೇಲಾಡುತ್ತಿದ್ದವು. ಉಳಿದ ಆಸಿಡ್ ಅಳೆಯೋಣ ಅಂತ ಬ್ಯುರೆಟ್ ತಿರುಗಿಸಿದೆ. ಕೆಲವೇ ಹನಿ ಕ್ಷಾರಕ್ಕೆ ಗುಲಾಬಿ ಬಣ್ಣ ಬಂತು, ಆಸಿಡ್ ಬಹುತೇಕ ಮುಗಿದಿತ್ತು. ಅಂಗಿಯಲ್ಲಿ ಕಮಟು ಇನ್ನೂ ಇತ್ತು, ಫ್ಲಾಸ್ಕಿನಲ್ಲಿ ಇರಲಿಲ್ಲ.